ಬಿಲ್ ಕೌಂಟರಿನಲ್ಲಿ ಕೊಟ್ಟ ನಂಬರ್ ಎಲ್ಲಿಗೆ ಹೋಗುತ್ತದೆ?

‘ನಾವು ಮಾತಾಡಿದ್ದನ್ನು ಫೋನ್ ಕದ್ದು ಕೇಳುತ್ತದಾ ಸರ್?’ ಡೇಟಾ ಕಾನೂನಿನ ಬಗ್ಗೆ ಮಂಗಳೂರು, ಉಡುಪಿಯಲ್ಲಿ ಎಲ್ಲಿ ಮಾತಾಡಲು ಹೋದರೂ ಮೊದಲು ಬರುವ ಪ್ರಶ್ನೆ ಇದು. ಮನೆಯಲ್ಲಿ ವಾಷಿಂಗ್ ಮೆಷಿನ್ ಸುದ್ದಿ ತೆಗೆದರೆ ಸಂಜೆಗೇ ಅದರ ಜಾಹೀರಾತು ಬಂತು ಎನ್ನುತ್ತಾರೆ. ಕದ್ದು ಕೇಳುವಷ್ಟು ಕಷ್ಟಪಡುವ ಅಗತ್ಯ ಕಂಪನಿಗಳಿಗಿಲ್ಲ ಮಾರಾಯ್ರೆ. ಹಂಪನಕಟ್ಟೆಯ ಅಂಗಡಿಯಲ್ಲಿ ಬಿಲ್ ಮಾಡಿಸುವಾಗ, ಹಿಂದೆ ನಿಂತವರಿಗೂ ಕೇಳುವಂತೆ ಹತ್ತು ಅಂಕಿ ಹೇಳಿ ಬರುತ್ತೇವಲ್ಲ, ಅಷ್ಟು ಸಾಕು.

ಆ ನಂಬರಿನ ಮುಂದಿನ ಪ್ರಯಾಣವನ್ನು ನನಗೆ ತೋರಿಸಿದ್ದು ಸಲಹೆಗೆಂದು ಬಂದ ಬಟ್ಟೆ ಅಂಗಡಿಯ ಮಾಲೀಕರೊಬ್ಬರು. ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಗ್ರಾಹಕರ ಪಟ್ಟಿ ಎಕ್ಸೆಲ್ ಫೈಲಾಗಿ ಹೊರಬಂತು: ಹೆಸರು, ಮೊಬೈಲ್, ಕೊನೆಯ ಖರೀದಿಯ ತಾರೀಕು, ಮೊತ್ತ. ಅದರಲ್ಲಿನ ನಂಬರುಗಳನ್ನು ಫೇಸ್‌ಬುಕ್‌ನ ಜಾಹೀರಾತು ಪುಟಕ್ಕೆ ಏರಿಸಿದರೆ, ಆ ನಂಬರಿನಲ್ಲಿ ಖಾತೆ ಇರುವವರಿಗೆ ದೀಪಾವಳಿ ಆಫರ್ ಕಾಣುತ್ತದೆ. ‘ಇಂಥವರನ್ನೇ ಇನ್ನಷ್ಟು ಹುಡುಕು’ ಎಂದು ಒತ್ತಿದರೆ, ಆ ಅಂಗಡಿಗೆ ಕಾಲೇ ಇಡದವರನ್ನೂ ಅದು ಆರಿಸಿಕೊಡುತ್ತದೆ. ಮಾಲೀಕರು ಕೆಟ್ಟವರಲ್ಲ. ಬಿಲ್ಲಿಗೆಂದು ಕೊಟ್ಟ ನಂಬರನ್ನು ಜಾಹೀರಾತಿಗೆ ಬಳಸಲು ಬೇರೆಯೇ ಒಪ್ಪಿಗೆ ಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

‘ನಂಬರನ್ನು ಹ್ಯಾಶ್ ಮಾಡಿಯೇ, ಅಂದರೆ ಒಂದು ಸೂತ್ರದಿಂದ ಗುರುತು ಸಿಗದ ಅಕ್ಷರ-ಅಂಕಿಗಳ ಸಾಲಾಗಿ ಬದಲಿಸಿಯೇ ಕಳಿಸುವುದು, ಯಾರಿಗೂ ಓದಲು ಬರುವುದಿಲ್ಲ’ ಎಂಬ ಸಮಾಧಾನವೊಂದಿದೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ನಮ್ಮ ಮೊಬೈಲ್ ನಂಬರುಗಳಂತೆ 6, 7, 8 ಅಥವಾ 9ರಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಎಲ್ಲವನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ತಾಳೆ ನೋಡುವುದು ಇಂದಿನ ಕಂಪ್ಯೂಟರಿಗೆ ನಿಮಿಷಗಳ ಕೆಲಸ. ಇಷ್ಟಕ್ಕೂ ತಾಳೆ ನೋಡಲು ನಿಮ್ಮ ನಂಬರ್ ಫೇಸ್‌ಬುಕ್ ಬಳಿ ಮೊದಲೇ ಇದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿತು. (ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.) ಬಳಿಕ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಅದರೊಳಗೆ ಔಷಧ ಅಂಗಡಿಯ ಉದಾಹರಣೆಯೊಂದಿದೆ. ರಸೀದಿಯನ್ನು ಮೊಬೈಲಿಗೆ ಕಳಿಸಿ ಎಂದು ಗ್ರಾಹಕಿ ನಂಬರ್ ಕೊಟ್ಟರೆ, ಅಂಗಡಿ ಅದನ್ನು ರಸೀದಿ ಕಳಿಸಲು ಬಳಸಬಹುದು. ನಾಳೆ ಶುಗರ್ ಟೆಸ್ಟಿನ ಆಫರ್ ಕಳಿಸುವುದು ಅದರಲ್ಲಿ ಬರುವುದಿಲ್ಲ. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು; ವ್ಯಾಪಾರಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಸಾಕಷ್ಟು ಭದ್ರತೆ ಇಡದೆ ಡೇಟಾ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಅಲ್ಲಿಯವರೆಗೆ ಏನು ಮಾಡುವುದು? ‘ನಂಬರ್ ಬೇಡ, ಕಾಗದದ ಬಿಲ್ ಕೊಡಿ’ ಎನ್ನಿ. ನಂಬರ್ ಕೊಡಲೇಬೇಕೆಂದು ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. ‘ಸಿಸ್ಟಮ್ ಬಿಡುವುದಿಲ್ಲ’ ಎಂದು ಕೌಂಟರಿನ ಹುಡುಗಿ ಹೇಳಿದರೆ ಅವಳ ಮೇಲೆ ರೇಗಬೇಡಿ, ಆ ಸೆಟ್ಟಿಂಗ್ ಇಟ್ಟದ್ದು ಅವಳಲ್ಲ.

ನಮ್ಮ ಜಿಲ್ಲೆಗಳಲ್ಲಿ ನನಗೆ ಇದಕ್ಕಿಂತ ಹೆಚ್ಚು ಕಿರಿಕಿರಿ ಮಾಡುವುದು ಪಿಯುಸಿ ಫಲಿತಾಂಶದ ಸಮಯ. ಬೆಳಿಗ್ಗೆ ರಿಸಲ್ಟ್ ಬಂದರೆ ಮಧ್ಯಾಹ್ನದಿಂದಲೇ ಕಂಡುಕೇಳರಿಯದ ಕಾಲೇಜುಗಳ ಏಜೆಂಟರ ಫೋನು. ಶಿಕ್ಷಣ ಮೇಳದ ಸ್ಟಾಲಿನಲ್ಲೋ ಉಚಿತ ಮಾಕ್ ಟೆಸ್ಟಿಗೋ ತುಂಬಿದ ಫಾರ್ಮನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ಕಾಗದದ ಫಾರ್ಮಿಗೆ ಕಾಯ್ದೆ ತಾಗದು, ಆದರೆ ಅದನ್ನು ಕಂಪ್ಯೂಟರಿಗೆ ಟೈಪ್ ಮಾಡಿದ ಕೂಡಲೇ ತಾಗುತ್ತದೆ. ಪಿಯುಸಿಯ ಹೆಚ್ಚಿನ ಮಕ್ಕಳಿಗೆ ಇನ್ನೂ 18 ತುಂಬಿರುವುದಿಲ್ಲ. ಅಂಥವರ ವಿವರ ತೆಗೆದುಕೊಳ್ಳಲು, ಹೊಣೆಗಳು ಜಾರಿಯಾದ ಮೇಲೆ, ಹೆತ್ತವರ ಒಪ್ಪಿಗೆ ಬೇಕು. ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತೆಯೂ ಇಲ್ಲ. ಕಾಲೇಜು ನಡೆಸುವವರು ಮುಂದಿನ ಮೇಳಕ್ಕೆ ಫಾರ್ಮ್ ಪ್ರಿಂಟ್ ಮಾಡಿಸುವ ಮೊದಲು ವಕೀಲರಿಗೊಮ್ಮೆ ತೋರಿಸಲಿ.