ಕಾರು ಮಾಡುವ ಮೊದಲು ಬಿಎಂಡಬ್ಲ್ಯೂ ಏನು ಮಾಡುತ್ತಿತ್ತು?

ಬಿಎಂಡಬ್ಲ್ಯೂ ಅಂದರೆ ಕಾರು. ಬೇರೇನೂ ನೆನಪಿಗೆ ಬರುವುದಿಲ್ಲ, ಅಲ್ವಾ? ಆದರೆ ಆ ಹೆಸರು ಹುಟ್ಟಿದ್ದು 1917ರಲ್ಲಿ. ಆ ಹೆಸರು ಹೊತ್ತ ಮೊದಲ ಕಾರು ರಸ್ತೆಗೆ ಇಳಿದದ್ದು 1929ರಲ್ಲಿ. ನಡುವಿನ ಹನ್ನೆರಡು ವರ್ಷ ಕಂಪನಿ ವಿಮಾನದ ಎಂಜಿನ್, ರೈಲಿನ ಬ್ರೇಕು, ಬೈಕು ಹೀಗೆ ಏನೇನೋ ಮಾಡಿಕೊಂಡಿತ್ತು. ನನಗೆ ಕಾರಿನ ಕಥೆಗಿಂತ ಈ ವರ್ಷಗಳ ಕಥೆಯೇ ಜಾಸ್ತಿ ಇಷ್ಟ.

ಶುರುವಾದದ್ದು ಒಂದು ಸೋತ ಕಾರ್ಖಾನೆಯಿಂದ. ಮ್ಯೂನಿಕ್‌ನಲ್ಲಿ ಕಾರ್ಲ್ ರಾಪ್ 1913ರಲ್ಲಿ ವಿಮಾನದ ಎಂಜಿನ್ ಮಾಡುವ ಕಂಪನಿ ತೆರೆದಿದ್ದ. ಅವನ ಎಂಜಿನ್‌ಗಳು ವಿಪರೀತ ನಡುಗುತ್ತಿದ್ದವು. ಮೊದಲ ಮಹಾಯುದ್ಧ ನಡೆಯುತ್ತಿದ್ದರೂ ಕೊಳ್ಳುವವರು ಹಿಂದೇಟು ಹಾಕುತ್ತಿದ್ದರು. 1917ರಲ್ಲಿ ಡೈಮ್ಲರ್ ಕಂಪನಿ ಬಿಟ್ಟು ಬಂದ ಮ್ಯಾಕ್ಸ್ ಫ್ರಿಟ್ಸ್ ಎಂಬ ಎಂಜಿನಿಯರ್ ಇಲ್ಲಿ ಸೇರಿದ. ಅದೇ ವರ್ಷ ರಾಪ್ ಹೊರಟುಹೋದ, ಕಂಪನಿಗೆ ಹೊಸ ಹೆಸರು ಬಂತು: ಬವೇರಿಯಾದ ಮೋಟಾರ್ ಕಾರ್ಖಾನೆ. ಅದರ ಜರ್ಮನ್ ರೂಪದ ಮೊದಲ ಅಕ್ಷರಗಳೇ ಬಿಎಂಡಬ್ಲ್ಯೂ.

ಫ್ರಿಟ್ಸ್ ಬಿಡಿಸಲು ಹೊರಟದ್ದು ಗಾಳಿಯ ಸಮಸ್ಯೆಯನ್ನು. ಬೆಟ್ಟ ಹತ್ತುತ್ತಾ ಹೋದಂತೆ ನಮಗೆ ಏದುಸಿರು ಬರುತ್ತದಲ್ಲ, ಎಂಜಿನ್‌ಗೂ ಹಾಗೇ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಅರ್ಧದಷ್ಟೇ. ಸಿಲಿಂಡರಿನೊಳಗೆ ಬರುವ ಆಮ್ಲಜನಕ ಕಡಿಮೆ, ಉರಿಯುವ ಪೆಟ್ರೋಲ್ ಕಡಿಮೆ, ಶಕ್ತಿಯೂ ಕಡಿಮೆ. ಆಕಾಶದಲ್ಲಿ ಕಾದಾಡುವಾಗ ಮೇಲಿದ್ದವನದೇ ಗೆಲುವು. ಹಾಗಾಗಿ ಇದು ಪೈಲಟ್‌ಗಳಿಗೆ ಜೀವದ ಪ್ರಶ್ನೆ.

ಅವನು ಲೆಕ್ಕವನ್ನೇ ತಿರುಗಿಸಿದ. ನೆಲದ ಮೇಲಿನ ಗಾಳಿಗೆ ಎಂಜಿನ್ ಮಾಡುವ ಬದಲು, ಎತ್ತರದ ತೆಳು ಗಾಳಿಗೆ ಮಾಡಿದ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಆ ಕಾಲದ ಎಂಜಿನ್‌ಗಳಿಗಿಂತ ಹೆಚ್ಚು ಅದುಮುವ ಹಾಗೆ ಸಿಲಿಂಡರ್ ರೂಪಿಸಿದ. ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಇದರಲ್ಲೊಂದು ತೊಡಕಿದೆ. ನೆಲದ ಹತ್ತಿರ ಗಾಳಿ ದಟ್ಟ. ಅಲ್ಲಿ ಥ್ರಾಟಲ್ (ಎಂಜಿನ್ ಒಳಗೆ ಹೋಗುವ ಗಾಳಿಯ ಬಾಗಿಲು) ಪೂರ್ತಿ ತೆರೆದರೆ, ಕಿಡಿಯಿಂದ ಹೊತ್ತಿದ ಬೆಂಕಿ ಹರಡುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನೇ ಸಿಡಿದುಬಿಡುತ್ತದೆ. ಮೆಕ್ಯಾನಿಕ್‌ಗಳು ಎಂಜಿನ್ ನಾಕಿಂಗ್ ಅನ್ನುವುದು ಇದಕ್ಕೇ. ಅದು ಹೆಚ್ಚಾದರೆ ಎಂಜಿನ್ ಕೆಡುತ್ತದೆ. ಅದಕ್ಕೇ ಫ್ರಿಟ್ಸ್ ವಿಶೇಷ ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ, ಜೋಡಿಸಿದ. ಪೈಲಟ್ ಕೆಳಗಿರುವಾಗ ಅದನ್ನು ಪೂರ್ತಿ ತೆರೆಯುವಂತಿಲ್ಲ. ಮೇಲೇರಿದ ಹಾಗೆಲ್ಲ ಇನ್ನಷ್ಟು, ಮತ್ತಷ್ಟು ತೆರೆಯಬಹುದು. ಬೇರೆ ಎಂಜಿನ್‌ಗಳು ಸೊರಗುವ ಎತ್ತರದಲ್ಲಿ ಇದು ಇನ್ನೂ ಬಲ ಉಳಿಸಿಕೊಂಡಿರುತ್ತಿತ್ತು.

1919ರ ಜೂನ್ 17ರಂದು ಫ್ರಾಂಜ್ ಝೆನೋ ಡೀಮರ್ ಎಂಬ ಪೈಲಟ್ ಇದರ ಮುಂದಿನ ಮಾದರಿಯ ಎಂಜಿನ್ ಹಾಕಿಕೊಂಡು 9,760 ಮೀಟರ್ ಏರಿದ. ಅಂದರೆ ಎವರೆಸ್ಟಿಗಿಂತ ಸುಮಾರು 900 ಮೀಟರ್ ಮೇಲೆ! ಸರಿಯಾಗಿ ಹನ್ನೊಂದು ದಿನ ಕಳೆದ ಮೇಲೆ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿತ್ತು. ಸೋತ ಜರ್ಮನಿ ವಿಮಾನದ ಎಂಜಿನ್ ಮಾಡುವುದನ್ನು ನಿಲ್ಲಿಸಬೇಕಾಯಿತು. ಲೋಕದ ಒಳ್ಳೆಯ ಎಂಜಿನ್ ಕೈಯಲ್ಲಿದ್ದರೂ ಮಾರುವ ಹಾಗಿಲ್ಲ.

ಇಲ್ಲಿ ಲೋಗೋ ಬಗ್ಗೆ ಒಂದು ಮಾತು. ನೀಲಿ-ಬಿಳಿ ವೃತ್ತವು ತಿರುಗುವ ಪ್ರೊಪೆಲ್ಲರ್‌ನ ಚಿತ್ರ ಎಂದು ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಸುಮ್ನೆ ಕಟ್ಟುಕಥೆ. ಅವು ಬವೇರಿಯಾ ರಾಜ್ಯದ ಬಣ್ಣಗಳು. ರಾಜ್ಯದ ಲಾಂಛನವನ್ನು ವ್ಯಾಪಾರಕ್ಕೆ ಬಳಸುವಂತಿರಲಿಲ್ಲ, ಹಾಗಾಗಿ ಬಣ್ಣಗಳ ಕ್ರಮ ತಿರುವುಮುರುವು ಮಾಡಿದರು. ಪ್ರೊಪೆಲ್ಲರ್ ಕಥೆಗೆ ಬೀಜ ಬಿದ್ದದ್ದು ಹನ್ನೆರಡು ವರ್ಷ ತಡವಾಗಿ, 1929ರ ಒಂದು ಜಾಹೀರಾತಿನಿಂದ.

ವಿಮಾನ ಹೋಯಿತು, ಬ್ರೇಕು ಬಂತು. ಕಾರ್ಖಾನೆ ರೈಲಿನ ಏರ್ ಬ್ರೇಕ್ ಮಾಡಿ ಹೊಟ್ಟೆ ಹೊರೆದುಕೊಂಡಿತು. 1922ರಲ್ಲಿ ಕಮಿಲ್ಲೊ ಕಾಸ್ಟಿಗ್ಲಿಯೋನಿ ಎಂಬ ಹಣವಂತ ಬಿಎಂಡಬ್ಲ್ಯೂ ಹೆಸರನ್ನೂ ಎಂಜಿನ್ ವ್ಯವಹಾರವನ್ನೂ ಕೊಂಡು, ಪಕ್ಕದ ವಿಮಾನ ಕಂಪನಿಯೊಂದಕ್ಕೆ ಸೇರಿಸಿದ. ಆ ಇನ್ನೊಂದು ಕಂಪನಿ ಹುಟ್ಟಿದ್ದು 1916ರ ಮಾರ್ಚ್ 7ರಂದು. ಬಿಎಂಡಬ್ಲ್ಯೂ ಇವತ್ತಿಗೂ ಹುಟ್ಟುಹಬ್ಬ ಆಚರಿಸುವುದು ಈ ದಿನವೇ. ಹೆಸರು ಒಬ್ಬರದು, ಹುಟ್ಟಿದ ದಿನ ಇನ್ನೊಬ್ಬರದು!

ಬೈಕಿನ ವಿಷಯದಲ್ಲಿ ಫ್ರಿಟ್ಸ್ ಮತ್ತೆ ಗಾಳಿಯ ಹಿಂದೆ ಬಿದ್ದ. ಕಂಪನಿ ಆಗಲೇ ಎರಡು ಸಿಲಿಂಡರ್ ಎದುರುಬದುರಾಗಿ ಮಲಗಿರುವ ಬಾಕ್ಸರ್ ಎಂಜಿನ್ ಮಾಡುತ್ತಿತ್ತು. ಆದರೆ ಅದನ್ನು ಹಾಕಿದ ಬೈಕುಗಳಲ್ಲಿ ಒಂದು ಸಿಲಿಂಡರ್ ಮುಂದೆ, ಇನ್ನೊಂದು ಹಿಂದೆ. ಮುಂದಿನದಕ್ಕೆ ಗಾಳಿ ಬಡಿಯುತ್ತದೆ, ಹಿಂದಿನದು ಅದರ ಮರೆಯಲ್ಲಿ ಕಾದು ಕೆಂಡ. ಫ್ರಿಟ್ಸ್ ಇಡೀ ಎಂಜಿನ್ ಅನ್ನು 90 ಡಿಗ್ರಿ ತಿರುಗಿಸಿದ. ಎರಡೂ ಸಿಲಿಂಡರ್ ಎಡಬಲಕ್ಕೆ ಚಾಚಿಕೊಂಡು ಸಮನಾಗಿ ಗಾಳಿಗೆ ಸಿಕ್ಕವು. ಜೊತೆಗೆ ಇನ್ನೊಂದು ಲಾಭ: ಎಂಜಿನ್ ತಿರುಗಿಸುವ ಮುಖ್ಯ ಸರಳು, ಅಂದರೆ ಕ್ರ್ಯಾಂಕ್ ಶಾಫ್ಟ್, ಈಗ ಬೈಕಿನ ಉದ್ದಕ್ಕೆ ಬಂತು. ಚೈನ್ ಬೇಡ, ಒಂದು ಸರಳಿನಿಂದಲೇ ಹಿಂದಿನ ಚಕ್ರ ತಿರುಗಿಸಬಹುದು. 1923ರಲ್ಲಿ ಬರ್ಲಿನ್‌ನಲ್ಲಿ ತೋರಿಸಿದ ಆ ಬೈಕು ಆರ್32. 494 ಸಿಸಿ, 8.5 ಅಶ್ವಶಕ್ತಿ. ಬಿಎಂಡಬ್ಲ್ಯೂ ಈಗಲೂ ಈ ಜೋಡಣೆಯ ಬೈಕು ಮಾರುತ್ತದೆ.

ಕಾರಿನ ಪ್ರವೇಶ ಮಾತ್ರ ಅಷ್ಟು ರೋಚಕವಲ್ಲ. 1928ರಲ್ಲಿ ಐಸೆನಾಖ್ ಊರಿನ ಒಂದು ಕಾರ್ಖಾನೆಯನ್ನು ಕೊಂಡರು. ಅಲ್ಲಿ ತಯಾರಾಗುತ್ತಿದ್ದದ್ದು ಇಂಗ್ಲೆಂಡಿನ ಪುಟ್ಟ ಆಸ್ಟಿನ್ ಸೆವೆನ್, ಲೈಸೆನ್ಸ್ ಪಡೆದು. ಅದರ ಮೇಲೆ ತಮ್ಮ ಬಿಲ್ಲೆ ಅಂಟಿಸಿದರು, ಅಷ್ಟೇ.

ಆಮೇಲಿನ ನಾಜಿ ಕಾಲವನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ಕಂಪನಿ ಮತ್ತೆ ಯುದ್ಧವಿಮಾನದ ಎಂಜಿನ್ ಮಾಡಿತು. ಮ್ಯೂನಿಕ್ ಬಳಿಯ ಅಲಾಖ್ ಕಾರ್ಖಾನೆಯಲ್ಲಿ ಡಾಖೌ ಶಿಬಿರದ ಕೈದಿಗಳನ್ನೂ ಸಾವಿರಾರು ಬಲವಂತದ ಕೂಲಿಗಳನ್ನೂ ದುಡಿಸಲಾಯಿತು. ಮುಂದೆ ಕಂಪನಿಯನ್ನು ಉಳಿಸಿದ ಹರ್ಬರ್ಟ್ ಕ್ವಾಂಟ್‌ನ ಮನೆತನದ ಬ್ಯಾಟರಿ ಕಾರ್ಖಾನೆಗಳಲ್ಲೂ ಇದೇ ನಡೆಯಿತು. ಕ್ವಾಂಟ್ ಕುಟುಂಬವೇ ಮಾಡಿಸಿ 2011ರಲ್ಲಿ ಹೊರಬಂದ ಅಧ್ಯಯನದಲ್ಲಿ ಇದರ ವಿವರವಿದೆ.

ಯುದ್ಧ ಮುಗಿದಾಗ ಮ್ಯೂನಿಕ್‌ನಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡುವ ಸ್ಥಿತಿ. ಕಾರು ಮಾಡುತ್ತಿದ್ದ ಐಸೆನಾಖ್ ಸೋವಿಯತ್ ವಶಕ್ಕೆ ಹೋಗಿತ್ತು. ಅಲ್ಲಿನವರು ಅದೇ ಹಳೆಯ ಕಾರುಗಳನ್ನು ಮಾಡಿ ಮಾರುತ್ತಲೇ ಇದ್ದರು. ಕೊನೆಗೆ ಹೆಸರು ಇಎಂಡಬ್ಲ್ಯೂ ಆಯಿತು, ಲೋಗೋದ ನೀಲಿ ಕೆಂಪಾಯಿತು. ಇತ್ತ ಮ್ಯೂನಿಕ್‌ನವರು ದುಬಾರಿ ಕಾರು ಮಾಡಿ ನಷ್ಟ ಮಾಡಿಕೊಂಡರು. 1955ರಲ್ಲಿ ಇಸೆಟ್ಟಾ ತಂದರು. ಮೂಲ ವಿನ್ಯಾಸ ಫ್ರಿಜ್ ತಯಾರಿಸುತ್ತಿದ್ದ ಇಟಲಿಯ ಕಂಪನಿಯೊಂದರದು. ಮೊಟ್ಟೆಯಾಕಾರದ ಗಾಡಿ, ಮುಂಭಾಗವೇ ಬಾಗಿಲು, ಬೈಕಿನ ಒಂದೇ ಸಿಲಿಂಡರಿನ ಎಂಜಿನ್. 1.6 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಒಂಟಿ ಸಿಲಿಂಡರ್ ಅಂದಾಗ ನೆನಪಾಯಿತು, ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಟಿವಿಎಸ್ ಬಿಎಂಡಬ್ಲ್ಯೂಗಾಗಿ ಮಾಡಿದ 313 ಸಿಸಿ ಬೈಕೂ ಇದೇ ಬಗೆಯದು.

ಇಸೆಟ್ಟಾದಿಂದ ಸಾಲ ತೀರಲಿಲ್ಲ. 1959ರ ಡಿಸೆಂಬರ್ 9ರ ಷೇರುದಾರರ ಸಭೆಯಲ್ಲಿ ಕಂಪನಿ ಡೈಮ್ಲರ್-ಬೆನ್ಜ್ ಪಾಲಾಗುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಡೀಲರ್‌ಗಳು ಮತ್ತು ಸಣ್ಣ ಷೇರುದಾರರು ಒಪ್ಪಲಿಲ್ಲ. ಅವರ ವಕೀಲ ಫ್ರೀಡ್ರಿಕ್ ಮಾಟರ್ನ್ ಲೆಕ್ಕಪತ್ರದಲ್ಲೇ ತಪ್ಪು ಹಿಡಿದ. 700 ಎಂಬ ಹೊಸ ಕಾರನ್ನು ರೂಪಿಸಿದ ಖರ್ಚನ್ನೆಲ್ಲ ಒಂದೇ ವರ್ಷದ ಲೆಕ್ಕಕ್ಕೆ ಹಾಕಿದ್ದರು. ಹಾಗಾಗಿ ನಷ್ಟ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಲೆಕ್ಕದಲ್ಲಿ ತಪ್ಪಿದ್ದರೆ ಶೇ 10ರಷ್ಟು ಮತ ಸಾಕು, ಸಭೆ ಮುಂದೂಡಬಹುದು. ಮುಂದೂಡಿದರು. ಮಾರಾಟ ಅಲ್ಲಿಗೇ ಬಿದ್ದುಹೋಯಿತು. ಕ್ವಾಂಟ್ ತನ್ನ ಪಾಲು ಹೆಚ್ಚಿಸಿಕೊಂಡು ಹಣ ಹಾಕಿದ.

ಆ 700 ಕಾರಿನ ಹಿಂಬದಿಯಲ್ಲಿದ್ದದ್ದು ಬೈಕಿನಿಂದಲೇ ಬೆಳೆದು ಬಂದ, ಗಾಳಿಯಿಂದ ತಣಿಯುವ ಎರಡು ಸಿಲಿಂಡರಿನ ಬಾಕ್ಸರ್ ಎಂಜಿನ್. 1965ರವರೆಗೆ ಸುಮಾರು 1.88 ಲಕ್ಷ ತಯಾರಾದವು. 1961ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದ, ಇವತ್ತಿನ ಬಿಎಂಡಬ್ಲ್ಯೂಗಳ ಹಿರಿಯಣ್ಣನಂತಿರುವ 1500 ಕಾರು ಗಳಿಸಲು ಶುರುಮಾಡುವ ತನಕ ಮನೆ ನಡೆಸಿದ್ದು ಈ ಪುಟ್ಟ ಕಾರೇ. ಹಠ ಹಿಡಿದು ಕೂತಿದ್ದ ಸಣ್ಣ ಷೇರುದಾರರ ಕೈಗೆ 1963ನೇ ವರ್ಷದ ಲೆಕ್ಕದಲ್ಲಿ ಮತ್ತೆ ಡಿವಿಡೆಂಡ್, ಅಂದರೆ ಲಾಭದ ಪಾಲು, ಬಂತು.