ಪಾಪರ್ (ದಿವಾಳಿ) ಅರ್ಜಿ ಹಾಕಿದ ಮೇಲೆ ಕರೆಂಟ್ ಬಿಲ್ ಏನಾಗುತ್ತೆ?

ಕಾನೂನು ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಮೊದಲು ಯಾವ ಕಾನೂನು ಅಂತ ನೋಡೋಣ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾಗಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಹಾಸನದ ಆಲೂಗಡ್ಡೆ ವ್ಯಾಪಾರಿಯೊಬ್ಬರು ಕೈಸುಟ್ಟುಕೊಂಡರೆ ಅವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. 500 ರೂಪಾಯಿ ಸಾಲಕ್ಕೂ ಅರ್ಜಿ ಹಾಕಬಹುದು ಅನ್ನುವಷ್ಟು ಹಳೇ ಕಾಯ್ದೆ!

ಈಗ ಆ ವ್ಯಾಪಾರಿಗೆ ಸಾಲಗಾಮೆ ರಸ್ತೆಯಲ್ಲಿ ಅಂಗಡಿ ಇದೆ, ಚೆಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಬಿಲ್ 9,000 ರೂಪಾಯಿ ಬಾಕಿ ಅಂದುಕೊಳ್ಳಿ. ಅರ್ಜಿಯ ಸಾಲದ ಪಟ್ಟಿಯಲ್ಲಿ ಬ್ಯಾಂಕು, ಕೈಸಾಲದ ಜೊತೆ ಇದನ್ನೂ ಬರೆಯಬೇಕು. ಆರ್‌ಆರ್ ನಂಬರ್ (ಆ ಸಂಪರ್ಕದ ಗುರುತಿನ ಸಂಖ್ಯೆ) ಹಾಕಿದರೆ ಒಳ್ಳೆಯದು. ಸುಮ್ನೆ ‘ಕರೆಂಟ್ ಬಾಕಿ’ ಅಂತ ಬರೆದರೆ ಅಂಗಡಿಯದೋ ಮನೆಯದೋ ಗೊತ್ತಾಗಲ್ಲ.

ಕೋರ್ಟು ‘ಇವರು ದಿವಾಳಿ’ ಅಂತ ಆದೇಶ ಮಾಡಿದ ಮೇಲೆ 1920ರ ಕಾಯ್ದೆಯ ಕಲಂ 28(2) ಕೆಲಸ ಶುರು ಮಾಡುತ್ತೆ. ಕೋರ್ಟಿನ ಅನುಮತಿ ಇಲ್ಲದೆ ಹಳೇ ಸಾಲಕ್ಕೆ ಯಾರೂ ಇವರ ಆಸ್ತಿಗೆ ಕೈ ಹಾಕುವಂತಿಲ್ಲ, ದಾವೆ ಹೂಡುವಂತಿಲ್ಲ. ಗಮನಿಸಿ, ಅರ್ಜಿ ಹಾಕಿದ ದಿನದಿಂದಲ್ಲ, ಆದೇಶ ಆದಮೇಲೆ.

ಹಾಗಾದ್ರೆ ಲೈನ್‌ಮನ್ ಬಂದು ಫ್ಯೂಸ್ ಕೀಳಬಹುದಾ? ಪರೀಕ್ಷೆಯಲ್ಲಿ ಜಾಸ್ತಿ ಬರೆಯಬೇಕಾದ್ದು ಇಲ್ಲೇ. 2003ರ ವಿದ್ಯುತ್ ಕಾಯ್ದೆಯ ಕಲಂ 56 ಪ್ರಕಾರ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಟ್ಟು ಸಂಪರ್ಕ ಕಡಿಯಬಹುದು. ದಾವೆ ಹೂಡುವ ಹಕ್ಕು ಬೇರೆ, ಕಡಿಯುವ ಹಕ್ಕು ಬೇರೆ ಅನ್ನೋದು ಅದೇ ಕಲಂನಲ್ಲಿದೆ. ಹಾಗಾಗಿ 28(2) ಫ್ಯೂಸಿಗೆ ಕಾವಲಲ್ಲ ಅಂತ ನನ್ನ ಓದು. ಒಪ್ಪದವರು 28(2)ರಲ್ಲಿರುವ ‘ಆಸ್ತಿಯ ವಿರುದ್ಧದ ಪರಿಹಾರ’ ಅನ್ನುವ ಮಾತನ್ನು ಹಿಡಿದು ವಾದಿಸಬಹುದು. ಅಮೆರಿಕದ ದಿವಾಳಿ ಸಂಹಿತೆಯಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿನ ಕಲಂ 366 ದಿವಾಳಿಯಾದರು ಅನ್ನೋದಕ್ಕೇ ಕರೆಂಟು, ನೀರು ನಿಲ್ಲಿಸಬಾರದು ಅನ್ನುತ್ತೆ. ಆದರೆ 20 ದಿನದೊಳಗೆ ಮುಂದಿನ ಬಿಲ್ಲಿಗೆ ಠೇವಣಿಯಂಥ ಭದ್ರತೆ ಕೊಡಬೇಕು.

ಬಿಲ್ ಮೊತ್ತದ ಬಗ್ಗೆಯೇ ತಕರಾರಿದ್ದರೆ ಕಲಂ 56ರಲ್ಲೇ ದಾರಿ ಇದೆ. ಕೇಳಿದ ಮೊತ್ತ, ಇಲ್ಲವೇ ಹಿಂದಿನ ಆರು ತಿಂಗಳ ಸರಾಸರಿ ಲೆಕ್ಕದ ಮೊತ್ತ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ತಕರಾರು ತೀರುವವರೆಗೆ ಕಡಿಯುವಂತಿಲ್ಲ. ಎರಡು ವರ್ಷ ದಾಟಿದ ಬಾಕಿಯನ್ನು ಬಿಲ್ಲುಗಳಲ್ಲಿ ಸತತವಾಗಿ ತೋರಿಸದಿದ್ದರೆ ವಸೂಲಿಯೂ ಇಲ್ಲ, ಅದಕ್ಕಾಗಿ ಕಡಿತವೂ ಇಲ್ಲ. ಆದೇಶದ ನಂತರ ಉರಿಸಿದ ಕರೆಂಟಿಗಂತೂ ತಿಂಗಳು ತಿಂಗಳು ಕಟ್ಟಲೇಬೇಕು.

ನೀರಿನ ಬಿಲ್ ಲೆಕ್ಕ ಬೇರೆ. ನಗರಾಡಳಿತ ಸ್ಥಳೀಯ ಸಂಸ್ಥೆ, ಹಾಗಾಗಿ ಆಸ್ತಿ ಮಾರಿ ಬಂದ ಹಣ ಹಂಚುವಾಗ 1920ರ ಕಾಯ್ದೆಯ ಕಲಂ 61ರಲ್ಲಿ ಅದಕ್ಕೆ ಮೊದಲ ಸಾಲು. ಚೆಸ್ಕಾಂ ಕಂಪನಿ. ಅದನ್ನೂ ಅದೇ ಸಾಲಿಗೆ ಸೇರಿಸಿ ಬರೆದರೆ ಅಂಕ ಹೋಗುತ್ತೆ.