ಬೆಳಗಿನ ಜಾವ ಐದೂವರೆಗೆ ಬರುವ ಉತ್ತರ

ಡಿಸೆಂಬರ್ ಎರಡನೇ ವಾರ ಬಂತು ಅಂದರೆ ನಾನು ರಾತ್ರಿ ಫೋನ್ ಸೈಲೆಂಟ್‌ಗೆ ಹಾಕುವುದಿಲ್ಲ. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ 7 ಗಂಟೆ ಆದಾಗ ಬೆಂಗಳೂರಿನಲ್ಲಿ ಮಾರನೇ ದಿನ ಬೆಳಗಿನ ಜಾವ 5.30. ಅಲ್ಲಿನ ಕಾಲೇಜುಗಳು ಡಿಗ್ರಿ ಸೀಟಿನ ಮೊದಲ ಸುತ್ತಿನ, ಅಂದರೆ ಅರ್ಲಿ ಸುತ್ತಿನ, ರಿಸಲ್ಟ್ ಬಿಡುವುದು ಹೆಚ್ಚಾಗಿ ಸಂಜೆಯೇ. ಸಂಜೆ 5ಕ್ಕೆ ಬಿಟ್ಟರೆ ನಮಗೆ ನಡುರಾತ್ರಿ ಕಳೆದು 3.30. ಧನುರ್ಮಾಸ ಹಿಡಿಯುವ ದಿನಗಳು ಅವು, ಬೀದಿ ಕೊನೆಯ ದೇವಸ್ಥಾನದಲ್ಲಿ ಸುಪ್ರಭಾತ ಹಾಕಿರುತ್ತಾರೆ, ಆ ಚಳಿಯಲ್ಲಿ ಹದಿನೇಳು ವರ್ಷದ ಮಗು ರಗ್ಗು ಹೊದ್ದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತದೆ. ಹಿಂದೆ ಅಪ್ಪ, ಅಮ್ಮ. ಕೆಲವು ಮನೆಗಳಲ್ಲಿ ಅಜ್ಜಿ ಕೂಡ.

ಹದಿನಾಲ್ಕು ವರ್ಷದಿಂದ ವಿದೇಶಕ್ಕೆ ಓದಲು ಹೊರಟ ಮಕ್ಕಳಿಗೆ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ಈ ಕಾಯುವ ದಿನಗಳ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅನ್ನಿಸುತ್ತಿತ್ತು.

ವಿಷಯ ಗೊತ್ತಿಲ್ಲದವರಿಗೆ ಮೊದಲು ನಾಲ್ಕು ಮಾತು. ಅಲ್ಲಿನ ದೊಡ್ಡ ಯೂನಿವರ್ಸಿಟಿಗಳಲ್ಲಿ ಡಿಗ್ರಿಗೆ ಅರ್ಜಿ ಹಾಕಲು ಮುಖ್ಯವಾಗಿ ಎರಡು ಸುತ್ತು. ಜನವರಿ ಮೊದಲ ವಾರದ ಸುಮಾರಿಗೆ ಹಾಕಿ ಮಾರ್ಚ್ ಕೊನೆಗೆ ಉತ್ತರ ಪಡೆಯುವುದು ರೆಗ್ಯುಲರ್. ನವೆಂಬರ್ 1ರ ಸುಮಾರಿಗೇ ಹಾಕಿ ಡಿಸೆಂಬರ್ ಮಧ್ಯದಲ್ಲಿ ಉತ್ತರ ಪಡೆಯುವುದು ಅರ್ಲಿ. ಅರ್ಲಿ ಡಿಸಿಷನ್ ಆದರೆ, ಸೀಟು ಕೊಟ್ಟರೆ ಬಂದೇ ಬರುತ್ತೇನೆ ಅಂತ ಮಗು, ಮನೆಯವರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಅರ್ಲಿ ಆಕ್ಷನ್‌ನಲ್ಲಿ ಆ ಕಟ್ಟು ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದು ನಡುವಿನ ದಾರಿ. ಸೀಟು ಸಿಕ್ಕರೂ ಹೋಗಲೇಬೇಕು ಅಂತಿಲ್ಲ, ಆದರೆ ಕೆಲವು ವಿನಾಯಿತಿ ಬಿಟ್ಟರೆ ಅರ್ಲಿಯಲ್ಲಿ ಇನ್ನೊಂದು ಖಾಸಗಿ ಕಾಲೇಜಿಗೆ ಹಾಕುವ ಹಾಗಿಲ್ಲ. ಸ್ಕಾಲರ್‌ಶಿಪ್ ಇಲ್ಲದೆ ಕಳಿಸಲಾಗದ ಮನೆಯವರು ಅರ್ಲಿ ಡಿಸಿಷನ್‌ಗೆ ಸಹಿ ಹಾಕುವ ಮೊದಲು ಹತ್ತು ಸಲ ಯೋಚಿಸಿ. ಕೊಟ್ಟ ನೆರವು ಸಾಲದಿದ್ದರೆ ಬಿಡುಗಡೆ ಕೇಳಬಹುದು, ನಿಜ. ಆದರೆ ಬೇರೆ ಕಾಲೇಜು ಎಷ್ಟು ಕೊಡುತ್ತಿತ್ತು ಅಂತ ತೂಗಿ ನೋಡುವ ಅವಕಾಶ ಇರುವುದಿಲ್ಲ.

ಹೀಗೆ ನವೆಂಬರ್ 1 ಆದ ಮೇಲೆ ಆರು ವಾರ. ಈ ಆರು ವಾರದಲ್ಲಿ ಆ ಅರ್ಜಿಗೆ ನೀವು ಮಾಡಬಹುದಾದ್ದು ತುಂಬಾ ಕಡಿಮೆ. ಎಲ್ಲಾ ದಾಖಲೆ ತಲುಪಿದೆಯಾ ಅಂತ ಕಾಲೇಜಿನ ವೆಬ್‌ಸೈಟಿನಲ್ಲಿರುವ ನಿಮ್ಮ ಅರ್ಜಿಯ ಪುಟದಲ್ಲಿ, ಅಂದರೆ ಪೋರ್ಟಲ್‌ನಲ್ಲಿ, ನೋಡಿಕೊಳ್ಳಿ, ಯಾವುದಾದರೂ ಬಾಕಿ ಇದೆ ಅಂತ ತೋರಿಸಿದರೆ ಶಾಲೆಗೆ ಹೇಳಿ ಕಳಿಸಿ. ಅಷ್ಟೇ. ಆದರೆ ಮಕ್ಕಳು ಸುಮ್ನೆ ಇರುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಪೋರ್ಟಲ್ ತೆಗೆಯುತ್ತಾರೆ. ಪುಟದ ಬಣ್ಣ ಬದಲಾಯ್ತು, ಅವನಿಗೆ ಬಂದ ಇಮೇಲ್ ನನಗೆ ಬಂದಿಲ್ಲ, ಹಣಕಾಸಿನ ಕಾಗದ ಮತ್ತೆ ಕೇಳಿದ್ದಾರೆ ಅಂದರೆ ಸೀಟು ಕೊಡ್ತಾರೆ ಅಂತಲೇ ಅಲ್ವಾ ಮೇಡಂ? ಪ್ರತಿ ವರ್ಷ ಇದೇ ಪ್ರಶ್ನೆ. ಇಷ್ಟು ವರ್ಷದಲ್ಲಿ ಅಂಥ ಒಂದು ಸೂಚನೆಯಿಂದಲೂ ರಿಸಲ್ಟ್ ಊಹಿಸಲು ನನಗೆ ಆಗಿಲ್ಲ. ಅಪ್ಪಂದಿರದು ಇನ್ನೊಂದು ತರಹ. ಯಾರೋ ಎಂಎಲ್‌ಎ ಹತ್ತಿರ, ಯಾವುದೋ ಕಂಪನಿಯ ಡೈರೆಕ್ಟರ್ ಹತ್ತಿರ ಶಿಫಾರಸು ಪತ್ರ ಬರೆಸಿಕೊಂಡು ಬರುತ್ತಾರೆ. ಮಗುವನ್ನು ಹತ್ತಿರದಿಂದ ನೋಡದವರ ಪತ್ರಕ್ಕೆ ಅಲ್ಲಿ ಬೆಲೆ ಇಲ್ಲ. ದಯವಿಟ್ಟು ಕಳಿಸಬೇಡಿ.

ಹಾಗಾದರೆ ಏನು ಮಾಡಬೇಕು? ಉಳಿದ ಕಾಲೇಜುಗಳ ಅರ್ಜಿ ಬರೆಯಬೇಕು. ಈ ಅಂಕಣದಲ್ಲಿ ಒಂದೇ ಮಾತು ಹೇಳು ಅಂದರೆ ಇದನ್ನೇ ಹೇಳುತ್ತೇನೆ. ಅರ್ಲಿ ಸಿಕ್ಕರೆ ಉಳಿದಿದ್ದೆಲ್ಲ ಬೇಕಾಗುವುದಿಲ್ಲವಲ್ಲ, ರಿಸಲ್ಟ್ ನೋಡಿಕೊಂಡು ಬರೆದರಾಯ್ತು ಅಂತ ಹತ್ತರಲ್ಲಿ ಆರು ಮಕ್ಕಳು ನನ್ನ ಹತ್ತಿರ ಹೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ. ಡಿಸೆಂಬರ್ 15ಕ್ಕೆ ಇಲ್ಲ ಅಂತ ಬಂದರೆ ಜನವರಿ 1ಕ್ಕೆ ಉಳಿಯುವುದು ಹದಿನಾರು, ಹದಿನೇಳು ದಿನ. ಅದರ ನಡುವೆ ಪ್ರಿಪರೇಟರಿ ಪರೀಕ್ಷೆ, ಪ್ರಾಕ್ಟಿಕಲ್ ರೆಕಾರ್ಡ್, ಕೆಲವರಿಗೆ ಜನವರಿಯ ಜೆಇಇ ಬೇರೆ. ಕ್ರಿಸ್ಮಸ್ ರಜೆ ಅಂತ ಶಾಲೆಯ ಕೌನ್ಸೆಲರ್ ಫೋನಿಗೆ ಸಿಗುವುದಿಲ್ಲ. ಎಂಟು ಕಾಲೇಜು ಅಂದರೆ ಅರ್ಜಿಯ ಜೊತೆ ತಮ್ಮ ಬಗ್ಗೆ ಬರೆದು ಕಳಿಸಬೇಕಾದ ಹದಿನೈದಕ್ಕೂ ಜಾಸ್ತಿ ಸಣ್ಣ ದೊಡ್ಡ ಎಸ್ಸೆಗಳು.

ದಿನ ಕಡಿಮೆ ಅನ್ನುವುದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದು ನನಗೆ ಅರ್ಥವಾಗಿದ್ದು ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿಯಿಂದ. ಬಸವನಗುಡಿಯ ಕಡೆಯವಳು, ಬೇಸಿಗೆ ರಜೆಯೆಲ್ಲ ಹಾಸನದ ಹತ್ತಿರ ತಾತನ ತೋಟದಲ್ಲಿ. ಅಕ್ಟೋಬರಿನಲ್ಲಿ ಅವಳು ಬರೆದ ಎಸ್ಸೆಯಲ್ಲಿ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಡಬ್ಬಿ ಬರುತ್ತಿತ್ತು. ಮೋಟರ್ ಹಿಡಿಯದಿದ್ದಾಗ ತಾತ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಡಬ್ಬಿಯ ಪಕ್ಕಕ್ಕೆ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದರು, ಟಕ್ ಅಂತ ಶಬ್ದ ಬಂದು ಮೋಟರ್ ಹೊರಡುತ್ತಿತ್ತು. ಆ ಟಕ್ ಅನ್ನುವುದು ಒಳಗೆ ಎಲ್ಲಿಂದ ಬರುತ್ತದೆ ಅಂತ ಹುಡುಕಿಕೊಂಡು ಹೋಗಿ ಅವಳು ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ಗೆ ಬಂದಿದ್ದಳು. ಡಿಸೆಂಬರಿನಲ್ಲಿ ಅರ್ಲಿ ಕಾಲೇಜು ಇಲ್ಲ ಅಂದಿತು. ಹತ್ತು ದಿನ ಬಿಟ್ಟು ಅವಳು ನನಗೆ ಕಳಿಸಿದ ಏಳು ಎಸ್ಸೆಗಳಲ್ಲಿ ತಾತ ಇಲ್ಲ, ಡಬ್ಬಿ ಇಲ್ಲ. ಹೊಸತನ್ನು ಕಂಡುಹಿಡಿಯುವ ಆಸೆ, ನಾಯಕತ್ವ, ಜಗತ್ತನ್ನು ಬದಲಿಸುವ ಮಾತು ಎಲ್ಲಾ ತುಂಬಿತ್ತು. ಯಾಕಮ್ಮಾ ಅಂತ ಕೇಳಿದೆ. "ಅದು ಅವರಿಗೆ ಹಿಡಿಸ್ಲಿಲ್ಲ ಮೇಡಂ, ಅದಕ್ಕೇ ತೆಗೆದೆ" ಅಂದಳು.

ಹತ್ತು ದಿನದಲ್ಲಿ ಅವಳು ತನ್ನನ್ನೇ ಒರೆಸಿಹಾಕಿದ್ದಳು. ಇಲ್ಲ ಅನ್ನಿಸಿಕೊಂಡ ಮಗು ಬರೆಯುವ ಎಸ್ಸೆ ಹೆದರಿದ ಎಸ್ಸೆ ಆಗಿರುತ್ತದೆ. ಆಮೇಲೆ ನಾನು ಅದನ್ನು ಎಷ್ಟೋ ಮಕ್ಕಳಲ್ಲಿ ನೋಡಿದೆ. ಅದಕ್ಕೇ ಈಗ ಎಲ್ಲರಿಗೂ ಡಿಸೆಂಬರ್ 10ರ ಗಡುವು ಕೊಡುತ್ತೇನೆ. ಎಲ್ಲಾ ಬರೆದು ಮುಗಿಸಿ ಇಟ್ಟಿರಿ, ಸಬ್ಮಿಟ್ ಮಾಡಬೇಡಿ. ಫೀಸು ಕಟ್ಟುವುದು ಸಬ್ಮಿಟ್ ಮಾಡುವಾಗ, ಆದ್ದರಿಂದ ಅರ್ಲಿ ಸಿಕ್ಕರೆ ದುಡ್ಡೇನೂ ಹೋಗುವುದಿಲ್ಲ. ಮನಸ್ಸು ಗಟ್ಟಿ ಇದ್ದಾಗ ಬರೆದದ್ದು ಕೈಯಲ್ಲಿ ಇರುತ್ತದೆ.

ಅರ್ಲಿಯಲ್ಲಿ ಸೀಟು ಸಿಗದವರು ಎಷ್ಟು ಮಂದಿ? 2023ರಲ್ಲಿ ಹಾರ್ವರ್ಡ್‌ಗೆ ಅರ್ಲಿಯಲ್ಲಿ ಹಾಕಿದವರು 7,921, ಸೀಟು ಸಿಕ್ಕಿದ್ದು 692 ಮಂದಿಗೆ. ಯೇಲ್‌ನಲ್ಲಿ 7,856ಕ್ಕೆ 709. ನೂರಕ್ಕೆ ಒಂಬತ್ತು ಅಂತಿಟ್ಟುಕೊಳ್ಳಿ. ಕ್ರೀಡೆಗಾಗಿ ಕೋಚ್‌ಗಳು ಮೊದಲೇ ಆರಿಸಿಕೊಂಡ ಮಕ್ಕಳು ಹೆಚ್ಚಾಗಿ ಈ ಸುತ್ತಿನಲ್ಲೇ ಬರುತ್ತಾರೆ, ಹಾಗಾಗಿ ನಮ್ಮ ಮಕ್ಕಳ ಪಾಲಿಗೆ ಉಳಿಯುವುದು ಇನ್ನೂ ಕಡಿಮೆ. ಅಪ್ಪ ಅಮ್ಮ ಈ ಲೆಕ್ಕವನ್ನು ನವೆಂಬರಿನಲ್ಲೇ ತಿಳಿದುಕೊಂಡಿರಬೇಕು.

ಯಾಕೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಮನೆಗಳನ್ನು ನೋಡಿದ್ದೇನೆ. ಒಬ್ಬರು ರಿಸಲ್ಟ್ ಬರುವ ತಾರೀಕನ್ನು ಮನೆಮಂದಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಟ್ಟಿದ್ದರು. ಅವತ್ತು ಬೆಳಗ್ಗೆ ಆರೂವರೆಯಿಂದ ಫೋನ್. ಮೈಸೂರಿನಿಂದ ದೊಡ್ಡಪ್ಪ, ಶಿವಮೊಗ್ಗದಿಂದ ಅತ್ತೆ, ನ್ಯೂಜೆರ್ಸಿಯಿಂದ ಮಾವ. ಒಂದು ಸಲ ಓದಿದ ಇಲ್ಲವನ್ನು ಆ ಹುಡುಗ ಮಧ್ಯಾಹ್ನದೊಳಗೆ ಹನ್ನೊಂದು ಸಲ ಬಾಯಿಬಿಟ್ಟು ಹೇಳಬೇಕಾಯಿತು. ತಾರೀಕನ್ನು ಯಾರಿಗೂ ಹೇಳಬೇಡಿ. ಅಜ್ಜಿಗೂ ಬೇಡ, ಬೇಜಾರಾದರೂ ಪರವಾಗಿಲ್ಲ.

ರಿಸಲ್ಟ್ ತೆಗೆಯುವಾಗ ಪಕ್ಕದಲ್ಲಿ ಯಾರಿರಬೇಕು ಅಂತ ಮಗುವನ್ನೇ ಕೇಳಿ, ಹಿಂದಿನ ದಿನವೇ ಕೇಳಿ. ಒಬ್ಬಳೇ ನೋಡುತ್ತೇನೆ ಅಂದರೆ ಬಾಗಿಲು ಹಾಕಿಕೊಂಡು ಹೊರಗೆ ಬನ್ನಿ. ಅವತ್ತು ಒಂಬತ್ತಕ್ಕೆ ಫಿಸಿಕ್ಸ್ ಪರೀಕ್ಷೆ ಇದ್ದರೆ ಬೆಳಗ್ಗೆ ನೋಡುವುದೇ ಬೇಡ, ಸಂಜೆ ನೋಡಲಿ, ಉತ್ತರ ಎಲ್ಲೂ ಓಡಿಹೋಗುವುದಿಲ್ಲ. ಇಮೇಲ್ ನೋಡಿ ಕುಣಿಯುವುದಾಗಲಿ ಅಳುವುದಾಗಲಿ ಬೇಡ, ಪೋರ್ಟಲ್‌ನಲ್ಲಿರುವ ಪತ್ರವನ್ನು ಪೂರ್ತಿ ಓದಬೇಕು. 2014ರ ಡಿಸೆಂಬರಿನಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು ಅರ್ಲಿಯಲ್ಲಿ ಸೀಟು ಸಿಗದ ಸುಮಾರು 300 ಮಕ್ಕಳಿಗೆ ತಪ್ಪಾಗಿ ಸ್ವಾಗತದ ಇಮೇಲ್ ಕಳಿಸಿ, ಆಮೇಲೆ ಕ್ಷಮೆ ಕೇಳಿದ್ದರು. ಇನ್ನು ಸೀಟು ಸಿಗದಿದ್ದರೆ ಆ ಕ್ಷಣಕ್ಕೆ "ಹೋಗ್ಲಿ ಬಿಡು" ಅನ್ನಬೇಡಿ. ಮೂರು ತಿಂಗಳು ಅದಕ್ಕಾಗಿ ದುಡಿದ ಮಗು ಅದು. ಬಿಸಿಯಾಗಿ ಏನಾದರೂ ಕುಡಿಯಲು ಕೊಟ್ಟು ಪಕ್ಕದಲ್ಲಿ ಕೂತಿರಿ, ಅವಳು ಮಾತಾಡುವವರೆಗೆ ಕಾಯಿರಿ.

ಹೌದು, ಇಲ್ಲ ಎರಡೂ ಅಲ್ಲದ ಮೂರನೇ ಉತ್ತರ ಡಿಫರ್. ಮನೆಗಳಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಇದರಲ್ಲೇ. ಡಿಫರ್ ಅಂದರೆ ಅರ್ಜಿಯನ್ನು ರೆಗ್ಯುಲರ್ ಸುತ್ತಿಗೆ ದಾಟಿಸಿದ್ದೇವೆ, ಮತ್ತೊಮ್ಮೆ ನೋಡುತ್ತೇವೆ ಅಂತ. ಅದರ ತೂಕ ಒಂದೊಂದು ಕಾಲೇಜಿನಲ್ಲಿ ಒಂದೊಂದು ತರಹ. ಎಂಐಟಿ ಅರ್ಲಿಯಲ್ಲಿ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯನ್ನು ಡಿಫರ್ ಮಾಡಿದ ವರ್ಷಗಳಿವೆ. ಯೇಲ್ 2023ರಲ್ಲಿ ಡಿಫರ್ ಮಾಡಿದ್ದು ಸುಮಾರು ಐವರಲ್ಲಿ ಒಬ್ಬರನ್ನು. ಸ್ಟ್ಯಾನ್‌ಫರ್ಡ್ ತೀರಾ ಕೆಲವರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅರ್ಲಿ ಡಿಸಿಷನ್‌ನಲ್ಲಿ ಡಿಫರ್ ಆದರೆ ನೀವು ಹಾಕಿದ ಸಹಿಯ ಕಟ್ಟು ಅಲ್ಲಿಗೆ ಬಿಚ್ಚಿತು, ಮುಂದೆ ಸೀಟು ಕೊಟ್ಟರೂ ಹೋಗಲೇಬೇಕು ಅಂತಿಲ್ಲ. ಇದು ಗೊತ್ತಿಲ್ಲದೆ ಬೇರೆ ಅರ್ಜಿಗಳನ್ನು ತಡೆದು ಕೂತ ಮನೆಯೂ ಇದೆ.

ಡಿಫರ್ ಆದ ಮೇಲೆ ಒಂದು ಪತ್ರ ಬರೆಯಬಹುದು. ಕಾಲೇಜು ಬೇಡ ಅಂದಿದ್ದರೆ ಬೇಡ. ಪೋರ್ಟಲ್‌ನಲ್ಲಿ ಅದಕ್ಕೆಂದೇ ಫಾರಂ ಇದ್ದರೆ ಅಲ್ಲೇ ತುಂಬಿ. ಒಂದು ಪುಟ ಸಾಕು. ನವೆಂಬರ್ ಆದ ಮೇಲೆ ನಿಜವಾಗಿ ಏನು ಹೊಸತಾಯಿತು, ಆ ಕಾಲೇಜೇ ಯಾಕೆ ಬೇಕು, ಇಷ್ಟೇ. ಬೇಡಿಕೊಳ್ಳುವುದು ಬೇಡ. ಶಾಲೆಯಿಂದ ಅರ್ಧವಾರ್ಷಿಕ ಅಂಕಗಳು ಹೋಗುತ್ತವೆ, ಪತ್ರಕ್ಕಿಂತ ಜಾಸ್ತಿ ಕೆಲಸ ಮಾಡುವುದು ಅವೇ. ರಿಸಲ್ಟ್ ಬಂದ ದಿನವೇ ಬರೆಯಬೇಡಿ, ಒಂದೆರಡು ವಾರ ಬಿಟ್ಟು ಬರೆಯಿರಿ.

ಈ ವರ್ಷ ನನ್ನ ಹತ್ತಿರ ಒಂಬತ್ತು ಮಕ್ಕಳು ಕಾಯುತ್ತಿದ್ದಾರೆ. ಆರು ಮಂದಿಯ ಉಳಿದ ಅರ್ಜಿಗಳು ಮುಗಿದು ಕೂತಿವೆ. ಇನ್ನು ಮೂವರು ಶನಿವಾರ ಬೆಳಗ್ಗೆ ನಮ್ಮ ಆಫೀಸಿಗೆ ಬಂದು ಸಂಜೆವರೆಗೆ ಕೂತು ಬರೆಯುತ್ತಾರೆ. ಫೋನು ನನ್ನ ಟೇಬಲ್ ಮೇಲೆ ಇಡಬೇಕು, ಅಕ್ಟೋಬರಿನಲ್ಲಿ ಬರೆದ ಮೊದಲ ಕರಡಿನ ಪ್ರಿಂಟ್ ತರಬೇಕು ಅಂತ ಹೇಳಿದ್ದೇನೆ.